5 ಎಚ್‌ಪಿ ಕುಸುಮ್ ಸೋಲಾರ್ ಪಂಪು: ಕಾಫಿ ತೋಟದಲ್ಲಿ ಡೀಸೆಲ್ ಮಿಷನ್ನಿನ ಜಾಗ ತುಂಬುತ್ತದೆಯೇ?

ಫೆಬ್ರವರಿ ಬಂತೆಂದರೆ ಸಕಲೇಶಪುರ, ಆಲೂರು, ಬೇಲೂರು ಕಡೆಯ ರೊಬಸ್ಟಾ ತೋಟಗಳಲ್ಲಿ ಬೆಳಗಿನ ಜಾವದಿಂದಲೇ ಕೆರೆ ದಂಡೆಯ ಡೀಸೆಲ್ ಮಿಷನ್ನಿನ ಸದ್ದು. ಮಗ್ಗು ಅರಳಲೆಂದು ಹೂವಿಗೆ ನೀರು ಹೊಡೆಯುವ ಆ ಹತ್ತು ಹದಿನೈದು ದಿನ ಬ್ಯಾರಲ್ಲಿನಲ್ಲಿ ಎಷ್ಟು ಡೀಸೆಲ್ ಉಳಿದಿದೆ ಅನ್ನುವುದರ ಮೇಲೆಯೇ ತೋಟದ ಲೆಕ್ಕ ನಿಂತಿರುತ್ತದೆ. "ಸೋಲಾರ್ ಹಾಕಿಸಿದರೆ ಮುಗೀತಲ್ಲ, ನಾವು ಕಟ್ಟಬೇಕಾಗಿರೋದು ಇಪ್ಪತ್ತು ಪರ್ಸೆಂಟ್ ಅಂತೆ" ಎಂಬ ಮಾತು ಏಳುವುದೂ ಆಗಲೇ.

ತೀರ್ಪು ಮೊದಲೇ ಹೇಳಿಬಿಡೋಣ. ಜೆಟ್ (ನೀರನ್ನು ಸುತ್ತ ಮಳೆಯಂತೆ ಚಿಮ್ಮಿಸುವ ದೊಡ್ಡ ಸ್ಪ್ರಿಂಕ್ಲರ್) ಹೊಡೆಯಲಿಕ್ಕೆಂದು ಈ ಪಂಪು ತರುವುದಾದರೆ ಐದಕ್ಕೆ ಒಂದು ಅಂಕವೂ ಜಾಸ್ತಿ. ನೀರನ್ನು ನಿಧಾನಕ್ಕೆ ಗುಡ್ಡದ ಮೇಲೆ ಎತ್ತಿಡಲು ತರುವುದಾದರೆ ನಾಲ್ಕು ಕೊಡಬಹುದು. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಅರ್ಜಿ ಹಾಕಿದವರೇ ಆಮೇಲೆ ಪ್ಯಾನಲ್ ಮೇಲೆ ಚೆರಿ (ಕಾಫಿ ಹಣ್ಣು) ಒಣಗಿಸುವ ಮಾತಾಡುವುದು.

ಮೊದಲು ಸಿಗುವುದೇನು ಅಂತ ನೋಡಿ. ಪಿಎಂ-ಕುಸುಮ್ ಯೋಜನೆ 2019ರದು. ಅದರ 'ಬಿ' ಭಾಗ ಕರೆಂಟ್ ಲೈನ್ ಇಲ್ಲದ ಕಡೆ ಡೀಸೆಲ್ ಪಂಪು ತೆಗೆಸಿ ಸೋಲಾರ್ ಕೂರಿಸುವುದಕ್ಕೆ ಇರುವುದು. ಕೇಂದ್ರ ಸರ್ಕಾರದ ಪಾಲು 30 ಪರ್ಸೆಂಟ್, ಕರ್ನಾಟಕದಲ್ಲಿ ರಾಜ್ಯದ ಪಾಲು 50, ಉಳಿದ 20 ರೈತನದು. ಕೇಂದ್ರದ ಸಬ್ಸಿಡಿ ಲೆಕ್ಕ 7.5 ಎಚ್‌ಪಿಗೆ ನಿಲ್ಲುತ್ತದೆ. ನಮ್ಮಲ್ಲಿ ಇದನ್ನು ನೋಡಿಕೊಳ್ಳುವುದು ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್, ಅರ್ಜಿ ಸೌರಮಿತ್ರ ಪೋರ್ಟಲ್ಲಿನಲ್ಲಿ. 5 ಎಚ್‌ಪಿ ಸೆಟ್ಟಿಗೆ ಸಾಮಾನ್ಯವಾಗಿ 4,800 ವ್ಯಾಟ್ ಪ್ಯಾನಲ್, ಕಂಟ್ರೋಲರ್, ಮೋಟರು-ಪಂಪು, ಸ್ಟ್ರಕ್ಚರ್, ಅರ್ತಿಂಗ್ ಬರುತ್ತವೆ. ಐದು ವರ್ಷದ ರಿಪೇರಿ ಹೊಣೆ ಹಾಕಿದ ಕಂಪನಿಯದೇ. ಒಟ್ಟು ಬೆಲೆ ಮೂರು ಲಕ್ಷ ಅಂತ ಇಟ್ಟುಕೊಂಡರೆ ನಿಮ್ಮ ಕೈಯಿಂದ ಅರವತ್ತು ಸಾವಿರ. ಪೈಪ್‌ಲೈನು, ಮೇಲಿನ ಹೊಂಡ, ಬೇಲಿ ಇದರೊಳಗೆ ಬರುವುದಿಲ್ಲ. ತೋಟಕ್ಕೆ ಆಗಲೇ ಕರೆಂಟ್ ಪಂಪಿನ ಕನೆಕ್ಷನ್ ಇದ್ದರೆ ಈ ಭಾಗದಲ್ಲಿ ನಿಮಗೆ ಜಾಗವಿಲ್ಲ.

ಇನ್ನು ಡೀಸೆಲ್ ಮಿಷನ್ನಿನ ಲೆಕ್ಕ. ಹೂವಿಗೆ ಎಕರೆಗೆ 1 ಇಂಚು 25 ಸೆಂಟ್ ನೀರು (ನೂರು ಸೆಂಟಿಗೆ ಒಂದು ಇಂಚು, ಅಂದರೆ ಒಂದೂಕಾಲು ಇಂಚು) ಅಂತ ಹಿಡಿಯಿರಿ. ಒಂದು ಎಕರೆಯಲ್ಲಿ ಒಂದು ಇಂಚು ಎಂದರೆ ಹತ್ತಿರ ಹತ್ತಿರ 1,03,000 ಲೀಟರ್. ಅಲ್ಲಿಗೆ ಎಕರೆಗೆ 1,28,000 ಲೀಟರ್ ಬೇಕು. ಕೆರೆಯಿಂದ ತೋಟದ ಮಧ್ಯಕ್ಕೆ 40 ಮೀಟರ್ ಏರು, ಜೆಟ್ಟಿನ ಬಾಯಲ್ಲಿ ಮೂರೂವರೆ ಕೆಜಿ ಪ್ರೆಶರ್ ಎಂದರೆ 35 ಮೀಟರ್ ಏರಿಗೆ ಸಮ, ಮೂರು ಇಂಚಿನ ಪೈಪಿನಲ್ಲಿ 200 ಮೀಟರ್ ಓಡುವ ಹೊತ್ತಿಗೆ ಉಜ್ಜಾಟಕ್ಕೆ ಹೋಗುವುದು 15. ಒಟ್ಟು 90 ಮೀಟರ್. ಪಂಪಿನ ದಕ್ಷತೆ 60 ಪರ್ಸೆಂಟ್ ಹಿಡಿದರೆ ಶಾಫ್ಟಿನ ಮೇಲೆ 52 ಯೂನಿಟ್ ಶಕ್ತಿ ಖರ್ಚಾಗುತ್ತದೆ. ಒಳ್ಳೆ ಸ್ಥಿತಿಯ ಎಂಜಿನ್ ಗಂಟೆಗೆ ಒಂದು ಎಚ್‌ಪಿಗೆ 220 ಮಿಲಿ ಆಸುಪಾಸು ಕುಡಿಯುತ್ತದೆ. ಎಲ್ಲ ಕೂಡಿ ಎಕರೆಗೆ 16 ಲೀಟರ್. ನಿಮ್ಮಲ್ಲಿ 20 ದಾಟುತ್ತಿದ್ದರೆ ತಪ್ಪು ಡೀಸೆಲ್ ಬೆಲೆಯದಲ್ಲ. ಜೆಟ್ಟಿನ ನಾಜಲ್ ಸವೆದಿದೆ, ಇಲ್ಲವೇ ಪಂಪಿನೊಳಗೆ ತಿರುಗುವ ಇಂಪೆಲ್ಲರ್ ತಿಂದುಹೋಗಿದೆ, ಇಲ್ಲವೇ ಸಕ್ಷನ್ ಪೈಪಿನ ತುದಿಯ ಫುಟ್‌ವಾಲ್ವ್ ಸೋರಿ ಗಾಳಿ ಹಿಡಿಯುತ್ತಿದೆ. ಸಕಲೇಶಪುರದ ಎತ್ತರದಲ್ಲಿ ಸಕ್ಷನ್ ಪೈಪು ನೀರಿನ ಮಟ್ಟದಿಂದ ಐದೂವರೆ ಮೀಟರಿಗಿಂತ ಮೇಲಿದ್ದರೆ ಪಂಪು ಏದುಸಿರು ಬಿಡುತ್ತಲೇ ಇರುತ್ತದೆ. ಕೆರೆ ಇಳಿದಂತೆ ಮಿಷನ್ನನ್ನೂ ಇಳಿಸಬೇಕು.

12 ಎಂಎಂ ನಾಜಲ್ಲಿನ ಜೆಟ್ಟು ಈ ಪ್ರೆಶರಿನಲ್ಲಿ ಸೆಕೆಂಡಿಗೆ 2.8 ಲೀಟರ್ ಉಗುಳುತ್ತದೆ. 24 ಮೀಟರಿಗೊಂದರಂತೆ ನಿಲ್ಲಿಸಿದರೆ ಎಕರೆಗೆ ಏಳು ಜಾಗ, ಒಂದೊಂದು ಜಾಗದಲ್ಲಿ ಒಂದು ಗಂಟೆ ಐವತ್ತು ನಿಮಿಷ. ನಾಲ್ಕು ಜೆಟ್ ಒಟ್ಟಿಗೆ ಓಡಿಸಲು ಶಾಫ್ಟಿನಲ್ಲಿ 22 ಎಚ್‌ಪಿ ಬೇಕು. ಹಾಗಾದರೆ ಒಂದೇ ಒಂದು ಜೆಟ್ಟಿಗೆ? ಐದೂವರೆ ಎಚ್‌ಪಿ. ನಡು ಮಧ್ಯಾಹ್ನದ ಖಡಕ್ ಬಿಸಿಲಿನಲ್ಲೂ 5 ಎಚ್‌ಪಿ ಸೋಲಾರ್ ಪಂಪು ಒಂಟಿ ಜೆಟ್ಟನ್ನೂ ನೆಟ್ಟಗೆ ತಿರುಗಿಸಲಾರದು.

ಅದಕ್ಕಿಂತ ದೊಡ್ಡ ತೊಂದರೆ ಮೋಡದ್ದು. ಹನ್ನೊಂದು ಗಂಟೆಗೆ ಒಂದು ತುಂಡು ಮೋಡ ಅಡ್ಡ ಬಂತು ಅನ್ನಿ. ಕಂಟ್ರೋಲರ್ ಮೋಟರಿನ ವೇಗವನ್ನು 50 ಹರ್ಟ್ಸ್‌ನಿಂದ 40ಕ್ಕೆ ಇಳಿಸುತ್ತದೆ. ವೇಗ ಐದರಲ್ಲಿ ಒಂದು ಪಾಲು ಇಳಿದರೆ ಪಂಪು ಎತ್ತುವ ಎತ್ತರ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೀಳುತ್ತದೆ. 90 ಮೀಟರ್ ಇದ್ದದ್ದು 58ಕ್ಕೆ ಬಂತು. ಅದರಲ್ಲಿ 40 ಮೀಟರ್ ಗುಡ್ಡ ಹತ್ತುವುದಕ್ಕೇ ಸರಿ. ಪೈಪಿನ ಪಾಲು ಕಳೆದರೆ ಜೆಟ್ಟಿಗೆ ಒಂದೂವರೆ ಕೆಜಿಯೂ ದಕ್ಕುವುದಿಲ್ಲ. ನೀರು ಹನಿಯಾಗಿ ಒಡೆಯದೆ ಬಳೆಯ ಹಾಗೆ ಒಂದು ಸುತ್ತಿನಲ್ಲಿ ಮಾತ್ರ ಬಿದ್ದು, ಮಧ್ಯದ ಗಿಡಗಳು ಒಣಗಿಯೇ ಉಳಿಯುತ್ತವೆ. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಚ್ಚುವ ಜಾತಿಯಲ್ಲ. ಪಕ್ಕದ ಗಿಡವೂ ಅದೇ ದಿನ ಅರಳಬೇಕು. ಅರ್ಧ ತೋಟ ಇಂದು, ಅರ್ಧ ಇನ್ನು ನಾಲ್ಕು ದಿನಕ್ಕೆ ಅರಳಿದರೆ ಫಸಲು ಅಲ್ಲೇ ಕೈಬಿಟ್ಟ ಹಾಗೆ. ನೀರು ಸಾಲದ ಗಿಡದಲ್ಲಿ ಮಗ್ಗು ಅರ್ಧ ಉಬ್ಬಿ ಗುಲಾಬಿ ಬಣ್ಣಕ್ಕೆ ತಿರುಗಿ ನಿಂತುಬಿಡುತ್ತದೆ. ಡೀಸೆಲ್ ಮಿಷನ್ನು ಎಷ್ಟೇ ಹೊಗೆ ಕಾರಲಿ, ಪ್ರೆಶರ್ ಗೇಜಿನ ಮುಳ್ಳು ಒಂದೇ ಕಡೆ ನಿಂತಿರುತ್ತದೆ. ಇಷ್ಟು ದಿನ ಅದಕ್ಕೆ ಬೆಲೆ ಇದ್ದದ್ದು ಈ ಕಾರಣಕ್ಕೇ.

ಈಗ ಬೆಲೆಯ ಮಾತು. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ 85 ಪರ್ಸೆಂಟಿಗಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಆದ್ದರಿಂದ ಬ್ಯಾರಲ್ ಬೆಲೆ ಏರಿದರೆ ಮಲೆನಾಡಿನ ಬಂಕಿನಲ್ಲೂ ಏರುತ್ತದೆ ಎಂಬುದು ಪಾಠದ ಮಾತು. ಬಂಕಿನ ಬೋರ್ಡು ಹೇಳುವ ಕಥೆ ಸ್ವಲ್ಪ ಬೇರೆ. 2014ರ ಅಕ್ಟೋಬರ್‌ವರೆಗೆ ಡೀಸೆಲ್ ಬೆಲೆ ಸರ್ಕಾರದ ಹಿಡಿತದಲ್ಲಿತ್ತು. ಬಿಟ್ಟುಕೊಟ್ಟ ಹೊತ್ತಿಗೇ ಕಚ್ಚಾತೈಲ ಕುಸಿಯಿತು. ಆದರೆ ಆ ವರ್ಷದ ನವೆಂಬರಿನಿಂದ 2016ರ ಜನವರಿವರೆಗೆ ಎಕ್ಸೈಸ್ ಸುಂಕ ಮತ್ತೆ ಮತ್ತೆ ಏರಿದ್ದರಿಂದ ಇಳಿದ ಬೆಲೆಯ ದೊಡ್ಡ ಪಾಲು ದೆಹಲಿಯಲ್ಲೇ ಉಳಿಯಿತು. 2017ರ ಜೂನ್ 16ರಿಂದ ದಿನದಿನದ ಬೆಲೆ ಅಂದರು. ಹಾಗಂದರೂ 2022ರ ಏಪ್ರಿಲ್ ನಂತರ ತೈಲ ಕಂಪನಿಗಳು ಬೋರ್ಡು ಮುಟ್ಟದೆ ಹತ್ತಿರ ಎರಡು ವರ್ಷ ಕಳೆದವು. ಆ ನಡುವೆ ಆದ ದೊಡ್ಡ ಇಳಿಕೆ 2022ರ ಮೇ ತಿಂಗಳಲ್ಲಿ ಎಕ್ಸೈಸ್ ಆರು ರೂಪಾಯಿ ಕಡಿಮೆ ಮಾಡಿದ್ದು. ಆಮೇಲಿನ ಏರಿಕೆ ಬೆಂಗಳೂರಿನಿಂದ ಬಂತು: ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ 14.34ರಿಂದ 18.44 ಪರ್ಸೆಂಟಿಗೆ, 2025ರ ಏಪ್ರಿಲ್ 1ರಂದು 21.17ಕ್ಕೆ. ಮೊದಲ ಸಲ ಲೀಟರಿಗೆ ಮೂರು ರೂಪಾಯಿ ಮೇಲೆ, ಎರಡನೇ ಸಲ ಎರಡು ರೂಪಾಯಿ. ತೋಟದ ಡೀಸೆಲ್ ಬಜೆಟ್ ಮಾಡುವವರು ಕೊಲ್ಲಿ ದೇಶಗಳ ಸುದ್ದಿ ನೋಡಿದಷ್ಟೇ ಗಮನದಿಂದ ಬಜೆಟ್ ತಿಂಗಳುಗಳನ್ನೂ ನೋಡಬೇಕಾಗಿರುವುದು ಇದಕ್ಕೆ. ಡೀಸೆಲ್ ಜಿಎಸ್‌ಟಿಯೊಳಗೆ ಇಲ್ಲವಾದ್ದರಿಂದ ಕಟ್ಟಿದ ತೆರಿಗೆಯನ್ನು ಯಾವ ಬಿಲ್ಲಿನಲ್ಲೂ ಮುರಿದುಕೊಳ್ಳಲು ಬರುವುದಿಲ್ಲ. ಸೋಲಾರ್ ಸಾಮಾನಿನ ಜಿಎಸ್‌ಟಿಯನ್ನು 2021ರಲ್ಲಿ 5ರಿಂದ 12ಕ್ಕೆ ಏರಿಸಿ, 2025ರ ಸೆಪ್ಟೆಂಬರಿನಲ್ಲಿ ಮತ್ತೆ 5ಕ್ಕೆ ಇಳಿಸಿದರು. ಅಂದರೆ ಒಂದೇ ವರ್ಷದಲ್ಲಿ ಒಂದು ಕಡೆ ಏರಿತು, ಇನ್ನೊಂದು ಕಡೆ ಇಳಿಯಿತು.

ಇಲ್ಲೊಂದು ತಮಾಷೆಯೂ ಇದೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಇಂಧನದ ಪೈಪು ಹಾಸನದ ಮೇಲೆಯೇ ಹಾಯುತ್ತದೆ, ಇಲ್ಲೇ ಡಿಪೋವೂ ಇದೆ. ಗ್ಯಾಸಿನ ಪೈಪೂ ಮಂಗಳೂರು-ಹಾಸನ-ಮೈಸೂರು ದಾರಿಯದೇ. ಹಾಗಂತ ಹಾಸನದವರಿಗೆ ಅಗ್ಗವಿಲ್ಲ. ಬೆಲೆಯ ಬಹುಪಾಲು ತೈಲದ ಮಾರುಕಟ್ಟೆ ಮತ್ತು ತೆರಿಗೆಯದು, ಸಾಗಣೆಯಲ್ಲಿ ಉಳಿಯುವುದು ಪೈಸೆಗಳು.

ಲೀಟರಿಗೆ 90 ರೂಪಾಯಿ ಹಿಡಿದರೆ ಹತ್ತು ಎಕರೆಗೆ ಹೂವಿನ ನೀರು 160 ಲೀಟರ್, ಹದಿನೈದು ಇಪ್ಪತ್ತು ದಿನ ಬಿಟ್ಟು 75 ಸೆಂಟ್ ಬ್ಯಾಕಿಂಗ್‌ಗೆ (ಹೂವಾದ ಮೇಲೆ ಕೊಡುವ ಎರಡನೇ ನೀರಿಗೆ) ಇನ್ನೊಂದು 96 ಲೀಟರ್. ಒಟ್ಟು 256 ಲೀಟರ್, 23,000 ರೂಪಾಯಿ. ಬೆಲೆ ಹತ್ತು ರೂಪಾಯಿ ಏರಿದರೂ ಎಕರೆಗೆ ಹೆಚ್ಚಾಗುವುದು ಇನ್ನೂರೈವತ್ತು ರೂಪಾಯಿ. "ಡೀಸೆಲ್ ನಮ್ಮನ್ನು ಮುಳುಗಿಸ್ತು" ಅನ್ನುವಾಗ ಈ ಅಂಕಿ ಎದುರಿಗಿರಲಿ. ತೋಟಕ್ಕೆ ನಿಜವಾದ ಪೆಟ್ಟು ಬೀಳುವುದು ಮಿಷನ್ನಿನಲ್ಲಲ್ಲ. ಆಳು ಕರೆತರುವ ಪಿಕಪ್ಪು, ಗೊಬ್ಬರ ತರುವ ಲಾರಿ, ಜೆಸಿಬಿ ಗಂಟೆಯ ಬಾಡಿಗೆ, ಕ್ಯೂರಿಂಗ್‌ಗೆ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಡೆಗೆ) ಹೋಗುವ ಮೂಟೆಯ ಸಾಗಣೆ, ಇವೆಲ್ಲ ಡೀಸೆಲ್ ಏರಿದಾಗ ಏರಿ, ಇಳಿದಾಗ ಇಳಿಯದ ಬಾಬತ್ತುಗಳು. ಸೋಲಾರ್ ಪಂಪು ಇದರಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಮಾರುವವರು ತೋರಿಸುವ "ಮೂರು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್" ಎಂಬ ಹಾಳೆಯಲ್ಲಿ ವರ್ಷಕ್ಕೆ ಎಷ್ಟು ದಿನ ಪಂಪು ಓಡುತ್ತದೆ ಎಂದು ಬರೆದಿದ್ದಾರೆ, ನೋಡಿ. ಇನ್ನೂರು ದಿನ ಅಂತಿದ್ದರೆ ಅದು ಬಯಲುಸೀಮೆಯ ತರಕಾರಿ ಹೊಲದ ಹಾಳೆ.

ಹಾಗಾದರೆ ಯಾರಿಗೆ ಬೇಕು ಇದು? ತೋಟದ ನೆತ್ತಿಯ ಮೇಲೆ ಹೊಂಡಕ್ಕೆ ಜಾಗ ಇರುವವರಿಗೆ. 4,800 ವ್ಯಾಟಿನ ಸೆಟ್ಟು 70 ಮೀಟರ್ ಎತ್ತರಕ್ಕೆ ಜನವರಿ ಬಿಸಿಲಿನಲ್ಲಿ ದಿನಕ್ಕೆ 45,000 ಲೀಟರ್ ಎತ್ತುತ್ತದೆ. ಆಗ ಪ್ರೆಶರ್ ಬೇಕಿಲ್ಲ. ಮೋಡ ಬಂದರೆ ಪಂಪು ನಿಧಾನವಾಗಲಿ, ಸಂಜೆ ಮೂರಕ್ಕೇ ಸುಸ್ತಾಗಲಿ, ಯಾವ ಮಗ್ಗೂ ಅದಕ್ಕೆ ಕಾಯುತ್ತಿಲ್ಲ. ಮೇಲೆ 24 ಮೀಟರ್ ಚೌಕದ, 3 ಮೀಟರ್ ಆಳದ, ಒಂದಕ್ಕೊಂದರ ಇಳಿಜಾರಿನ ಹೊಂಡ ತೆಗೆದರೆ ತಳ 18 ಮೀಟರ್ ಚೌಕ ಬರುತ್ತದೆ, ಹಿಡಿಸುವ ನೀರು 13 ಲಕ್ಷ ಲೀಟರಿನ ಮೇಲೆ. ಹತ್ತು ಎಕರೆ ಹೂವಿಗೆ ಬೇಕಾದ್ದು 12.8 ಲಕ್ಷ. ಜನವರಿ ಮೊದಲ ವಾರ ಶುರು ಮಾಡಿದರೆ ಒಂದು ತಿಂಗಳಲ್ಲಿ ತುಂಬಿತು. ಬಿಸಿಲಿಗೆ ಆವಿಯಾಗುವುದು ದಿನಕ್ಕೆ ಎರಡೂವರೆ ಸಾವಿರ ಲೀಟರ್ ಆಸುಪಾಸು. ಅಷ್ಟನ್ನು ಪಂಪು ಬೆಳಗಿನ ಹೊತ್ತೇ ತುಂಬಿಕೊಡುತ್ತದೆ. ಹೂವಿನ ನೀರು ಮುಗಿದ ಮೇಲೆ ಬ್ಯಾಕಿಂಗ್‌ವರೆಗಿನ ಹದಿನೆಂಟು ದಿನದಲ್ಲಿ ಇನ್ನೊಂದು 8 ಲಕ್ಷ ಲೀಟರ್ ಬರುತ್ತದೆ, 75 ಸೆಂಟಿಗೆ ಬೇಕಾದ್ದು 7.7 ಲಕ್ಷ. ಲೆಕ್ಕ ಕೂದಲೆಳೆಯಲ್ಲಿ ಸರಿಹೋಗುತ್ತದೆ, ಆದ್ದರಿಂದ ಹತ್ತು ಎಕರೆಯ ಮೇಲೆ ಆಸೆ ಬೇಡ.

ಹೊಂಡಕ್ಕೆ 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಕಿ. ಮಲೆನಾಡಿನ ಕೆಂಪು ಮಣ್ಣು ನೀರು ಹಿಡಿಯುತ್ತದೆ ಎಂಬ ನಂಬಿಕೆ ಕೆಳಗಿನ ಕೆರೆಗೆ ಸರಿ, ಗುಡ್ಡದ ನೆತ್ತಿಗಲ್ಲ. ತಳ, ನಾಲ್ಕು ಪಕ್ಕ, ಮೇಲೆ ಒಂದು ಮೀಟರ್ ಮಣ್ಣಿನಲ್ಲಿ ಹೂಳುವ ಅಂಚು ಸೇರಿ 780 ಚದರ ಮೀಟರಿಗೆ ಕಡಿಮೆ ಬೇಡ. ಕಲ್ಲು, ಬೇರು ಆರಿಸದೆ ಹಾಸಿದರೆ ಮೊದಲ ವರ್ಷವೇ ತೂತು. ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ ಎರಡು ಕಡೆ ಇಳಿಬಿಡಿ. ಹಾಳೆಯ ಮೇಲೆ ಜಾರಿ ಬಿದ್ದ ನಾಯಿಯೂ ಮನುಷ್ಯನೂ ತಾನಾಗಿ ಮೇಲೆ ಬರಲಾಗುವುದಿಲ್ಲ. ಏರುಪೈಪಿಗೆ 63 ಎಂಎಂ, 10 ಕೆಜಿ ಕ್ಲಾಸಿನ ಎಚ್‌ಡಿಪಿಇ ಸಾಕು. ದುಡ್ಡುಳಿಸಲು 50 ಎಂಎಂ ಹಾಕಿದರೆ ಪೈಪಿನ ಉಜ್ಜಾಟ ಮೂರು ಪಟ್ಟು ಆಗಿ, ಪ್ಯಾನಲ್ಲಿನ ಬಿಸಿಲು ಪೈಪಿನಲ್ಲೇ ಸುಟ್ಟುಹೋಗುತ್ತದೆ.

ಹೊಂಡದಿಂದ 45 ಮೀಟರಿಗಿಂತ ಕೆಳಗಿರುವ ಬ್ಲಾಕಿಗೆ ಡೀಸೆಲ್ಲೇ ಬೇಡ. ವಾಲ್ವ್ ತಿರುಗಿಸಿದರೆ ಜೆಟ್ಟು ತಾನೇ ಹಾರುತ್ತದೆ, ರಾತ್ರಿಯೂ ಹೊಡೆಯಬಹುದು. ಹೊಂಡದ ಪಕ್ಕದ ಮೇಲಿನ ಬ್ಲಾಕಿಗೆ ಮಾತ್ರ ಹಳೆ ಮಿಷನ್ನನ್ನು ಮೇಲೆ ತಂದು ಕೂರಿಸಬೇಕು. ಅಲ್ಲಿ ಅದಕ್ಕೆ ಗುಡ್ಡ ಹತ್ತಿಸುವ ಕೆಲಸವಿಲ್ಲ, ಪ್ರೆಶರ್ ಕೊಟ್ಟರಾಯಿತು. 90 ಮೀಟರಿನ ಕೆಲಸ 45ಕ್ಕೆ ಇಳಿದು ಎಕರೆಗೆ 8 ಲೀಟರಿನಲ್ಲಿ ಮುಗಿಯುತ್ತದೆ. ಒಂದು ಎಚ್ಚರ: 90 ಮೀಟರಿಗೆ ಮಾಡಿದ ಪಂಪನ್ನು ಹಾಗೇ ಪೂರ್ತಿ ವೇಗದಲ್ಲಿ ಓಡಿಸಿದರೆ ನೀರು ಅತಿಯಾಗಿ ಹೊಡೆದು ಎಂಜಿನ್ ಹೊಗೆ ಕಕ್ಕುತ್ತದೆ. ಪುಲ್ಲಿ ಬದಲಿಸಿ ಅಥವಾ ಆಕ್ಸಿಲರೇಟರ್ ಇಳಿಸಿ, ಗೇಜು ನೋಡಿ ನಿಲ್ಲಿಸಬೇಕು.

ಕೂರಿಸುವಾಗ ಕೆಡುವುದು ಹೆಚ್ಚಾಗಿ ಜಾಗದ ಆಯ್ಕೆಯಲ್ಲಿ. ತೋಟದಲ್ಲಿ ಬಯಲೆಲ್ಲಿದೆ? ಕಣದ ಪಕ್ಕ ನೋಡಿ, ಇಲ್ಲವೇ ಕೆರೆ ದಂಡೆ. ಸಿಲ್ವರ್ ಓಕಿನ ನೆರಳು ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರೂವರೆವರೆಗೆ ಒಂದು ಪ್ಯಾನಲ್ಲಿನ ಮೂಲೆಗೂ ತಾಗಬಾರದು. ಪ್ಯಾನಲ್ಲುಗಳು ಸರಪಳಿಯ ಹಾಗೆ ಒಂದಕ್ಕೊಂದು ಸೇರಿರುವುದರಿಂದ ಎರಡು ಮೂರಕ್ಕೆ ನೆರಳು ಬಿದ್ದರೆ ವೋಲ್ಟೇಜು ಕುಸಿದು ಕಂಟ್ರೋಲರ್ ಟ್ರಿಪ್ಪಾಗುತ್ತದೆ. ಆಗ "ಪಂಪು ಸರಿಯಿಲ್ಲ" ಅಂತ ದೂರು ಹೋಗುತ್ತದೆ. ನೆರಳನ್ನು ಜನವರಿಯಲ್ಲಿ ನೋಡಿ, ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉದ್ದ. ನಮ್ಮ 13 ಡಿಗ್ರಿ ಅಕ್ಷಾಂಶಕ್ಕೆ ಪ್ಯಾನಲ್ ದಕ್ಷಿಣಕ್ಕೆ 13ರಿಂದ 15 ಡಿಗ್ರಿ ವಾಲಿದರೆ ಸಾಕು ಅನ್ನುತ್ತಾರೆ; ನಿಮಗೆ ನೀರು ಬೇಕಿರುವುದು ಜನವರಿ-ಫೆಬ್ರವರಿಯಲ್ಲಾದ್ದರಿಂದ ಆ ಎರಡು ತಿಂಗಳು 25ಕ್ಕೆ ಏರಿಸಿಡಿ.

ಏಪ್ರಿಲ್-ಮೇ ಸಿಡಿಲಿಗೆ ಹೋಗುವ ಮೊದಲ ಭಾಗ ಕಂಟ್ರೋಲರ್. ಪ್ಯಾನಲ್ ಸ್ಟ್ರಕ್ಚರಿಗೆ, ಕಂಟ್ರೋಲರಿಗೆ, ಸಿಡಿಲು ಸಲಾಕೆಗೆ ಬೇರೆ ಬೇರೆ ಅರ್ತ್ ಗುಂಡಿ ಇರಬೇಕು. ಮೂರನ್ನೂ ಒಂದೇ ಪೈಪಿಗೆ ಸುತ್ತಿ ಹೋಗುವ ಕೆಲಸದವರಿದ್ದಾರೆ, ಒಪ್ಪಬೇಡಿ. ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಬಾಕ್ಸಿನ ಕೇಬಲ್ ತೂತುಗಳಿಗೆ ಗ್ಲ್ಯಾಂಡ್ ಹಾಕಿಸಿ. ಇರುವೆ ಗೂಡು ಕಟ್ಟಿ, ಹಲ್ಲಿ ಟರ್ಮಿನಲ್ ಮೇಲೆ ಮಲಗಿ ಸುಟ್ಟ ಬೋರ್ಡುಗಳಿಗೆ ಲೆಕ್ಕವಿಲ್ಲ. ಬಿಸಿಲಿರುವಾಗ ಪ್ಯಾನಲ್ ಕಡೆಯ ತಂತಿಯಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ, ಸ್ವಿಚ್ ಆಫ್ ಮಾಡಿದರೂ ಇರುತ್ತದೆ. ತೋಟದ ಎಲೆಕ್ಟ್ರಿಷಿಯನ್ ಕರೆಂಟ್ ಮೋಟರ್ ಬಿಚ್ಚಿದ ಹಾಗೆ ಇದನ್ನು ಬಿಚ್ಚಬಾರದು. ಮಳೆಗಾಲದಲ್ಲಿ ಪ್ಯಾನಲ್ಲಿನ ಕೆಳ ಅಂಚಿನಲ್ಲಿ ಪಾಚಿ ಕಟ್ಟುತ್ತದೆ, ಅಕ್ಟೋಬರಿನಲ್ಲಿ ಮೆತ್ತನೆ ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಆನೆ ದಾರಿಯಲ್ಲಿ ಕೂರಿಸಿದರೆ ಯಾವ ಗ್ಯಾರಂಟಿಯೂ ನಿಲ್ಲದು, ಅಷ್ಟೇ.

ಸೆಟ್ಟಿನ ಜೊತೆ ದೂರದಿಂದ ನಿಗಾ ಇಡುವ ಸಿಮ್ ಇರುವ ಪೆಟ್ಟಿಗೆ ಬರುತ್ತದೆ. ಕಣಿವೆಯಲ್ಲಿ ಸಿಗ್ನಲ್ ಸಿಗದಿದ್ದರೆ ಪಂಪು ಓಡಿದ್ದೂ ಕೆಟ್ಟದ್ದೂ ಅವರ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ದೂರಿಗೆ ಉತ್ತರವೂ ತಡ. ಯಾವ ಕಂಪನಿಯ ಸಿಮ್ ಅಲ್ಲಿ ಹಿಡಿಯುತ್ತದೆ ಎಂದು ಮೊದಲೇ ನೋಡಿ, ಅದನ್ನೇ ಹಾಕಿಸಿ.

ಈ ಪಂಪಿಗೆ ನಾಲ್ಕನೇ ಅಂಕ ಸಿಗುವುದು ಕೊಯ್ಲಿನ ಹೊತ್ತಿಗೆ. ನವೆಂಬರಿನಿಂದ ಜನವರಿವರೆಗೆ ಪಲ್ಪರಿಗೆ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ), ತೊಟ್ಟಿ ತೊಳೆಯಲು ನೀರು ಬೇಕು, ಬಿಸಿಲೂ ಚೆನ್ನಾಗಿರುತ್ತದೆ. ಬೇರೆ ಮೋಟರುಗಳನ್ನೂ ಓಡಿಸುವ ಯುನಿವರ್ಸಲ್ ಕಂಟ್ರೋಲರ್ ಆಯ್ಕೆ ಸಿಕ್ಕರೆ ಅದನ್ನೇ ಕೇಳಿ. ಮೂರು ಎಚ್‌ಪಿ ಪಲ್ಪರ್ ಮೋಟರನ್ನು ಹಗಲು ಹೊತ್ತು ಓಡಿಸಿಕೊಳ್ಳಬಹುದು. ಬೇಸಿಗೆಯಲ್ಲಿ ಅಡಿಕೆಗೆ, ಮೆಣಸಿನ ಬಳ್ಳಿಗೆ, ನರ್ಸರಿಗೆ ಡ್ರಿಪ್ ಕೊಡಲು ಇದಕ್ಕಿಂತ ಒಳ್ಳೆ ಸಾಧನವಿಲ್ಲ, ಡ್ರಿಪ್ಪಿಗೆ ಒಂದು ಕೆಜಿ ಪ್ರೆಶರ್ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿಲ್ಲ. ಆಗ ನೀರು ಯಾರಿಗೆ ಬೇಕು?

ಲೈನು ಹತ್ತಿರವಿದ್ದು, ಮೂರು ಫೇಸ್ ಕರೆಂಟ್ ಹಗಲು ಏಳು ಗಂಟೆ ನೆಟ್ಟಗೆ ಬರುವ ಕಡೆ ಈ ತಲೆನೋವೆಲ್ಲ ಬೇಡ. ಎಕರೆಗೆ 61 ಯೂನಿಟ್ ಆಗುತ್ತದೆ. ಕಾಫಿ ತೋಟಕ್ಕೆ ಬೇರೆಯದೇ ದರಪಟ್ಟಿ ಇದೆಯಾದರೂ, ಯೂನಿಟ್ಟಿಗೆ ಐದು ರೂಪಾಯಿ ಅಂದುಕೊಂಡರೂ ಮುನ್ನೂರು ರೂಪಾಯಿಯಲ್ಲಿ ಮುಗಿಯಿತು. ಡೀಸೆಲ್ಲಿನಲ್ಲಿ ಅದೇ ಕೆಲಸಕ್ಕೆ 1,440. ತೊಂದರೆ ಒಂದೇ: ಎಲ್ಲರ ಹೂವೂ ಒಂದೇ ವಾರ, ಹಾಗಾಗಿ ಎಲ್ಲರ ಮೋಟರೂ ಒಂದೇ ವಾರ, ಟ್ರಾನ್ಸ್‌ಫಾರ್ಮರ್ ಸುಡುವುದೂ ಅದೇ ವಾರ.

ಹೊಂಗೆ ಎಣ್ಣೆಯ ಮಾತೂ ಹಾಸನದಲ್ಲಿ ಬರದೆ ಇರುವುದಿಲ್ಲ, ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇದೆಯಲ್ಲ. ಸಂಸ್ಕರಿಸಿದ ಹೊಂಗೆ ಬಯೋಡೀಸೆಲ್ಲನ್ನು ಐದಕ್ಕೆ ಒಂದು ಪಾಲು ಬೆರೆಸಿ ಓಡಿಸಬಹುದು. ಗಾಣದಿಂದ ತಂದ ಹಸಿ ಎಣ್ಣೆ ಸುರಿದರೆ ಅದರ ಮಂದಕ್ಕೆ ಫಿಲ್ಟರ್ ಕಟ್ಟಿ, ಎಂಜಿನ್ನಿನ ನಾಜಲ್ಲಿನಲ್ಲಿ ಮಸಿ ಕೂತು, ಉಳಿಸಿದ್ದಕ್ಕಿಂತ ಜಾಸ್ತಿ ಮೆಕ್ಯಾನಿಕ್ಕಿಗೆ ಹೋಗುತ್ತದೆ.

ಸೋಲಾರ್ ಪಂಪು ಕೂರಿಸಿ ಮುಗಿಸಿದವರು ಕಾಗದಕ್ಕೆ ಸಹಿ ಕೇಳುವುದು ಸಾಮಾನ್ಯವಾಗಿ ಅದೇ ದಿನ ಸಂಜೆ, ಕೆರೆ ದಂಡೆಯಲ್ಲೇ ಪೈಪಿನಿಂದ ನೀರು ಧೋ ಎಂದು ಸುರಿಸಿ ತೋರಿಸಿ. ಅಲ್ಲಿ ನೋಡಿ ಪ್ರಯೋಜನವಿಲ್ಲ, ಎತ್ತರವಿಲ್ಲದ ಕಡೆ ಯಾವ ಪಂಪೂ ಧೋ ಎನ್ನುತ್ತದೆ. ಮರುದಿನ ಮೋಡವಿಲ್ಲದ ಹನ್ನೆರಡು ಗಂಟೆಗೆ ಮೇಲಿನ ಹೊಂಡದ ಬಾಯಲ್ಲಿ ಪೈಪಿನ ಕೆಳಗೆ 200 ಲೀಟರಿನ ಡ್ರಮ್ಮು ಇಡಿ, ಮೊಬೈಲಿನಲ್ಲಿ ಸೆಕೆಂಡು ಎಣಿಸಿ. 70 ಮೀಟರ್ ಎತ್ತರಕ್ಕೆ ಎಂಬತ್ತರಿಂದ ತೊಂಬತ್ತೈದು ಸೆಕೆಂಡಿನೊಳಗೆ ಡ್ರಮ್ಮು ತುಂಬಬೇಕು. ಎರಡು ನಿಮಿಷ ದಾಟಿದರೆ ನೆರಳೋ, ಪೈಪೋ, ನಿಮ್ಮ ಎತ್ತರಕ್ಕೆ ಹೊಂದದ ಪಂಪೋ ಅಂತ ಪತ್ತೆಯಾಗುವವರೆಗೆ ಪೆನ್ನು ಜೇಬಿನಲ್ಲೇ ಇರಲಿ.